ಸೋಲ್‌ಬಾಕೆನ್: ಕೋಪನ್‌ಹೇಗನ್‌ನಲ್ಲಿ ಎಂಟು ಲೀಗ್, ಕೊಲೋನ್‌ನಲ್ಲಿ ಹತ್ತೇ ತಿಂಗಳು. ಒಂದೇ ಪದ್ಧತಿಗೆ ಎರಡು ಫಲ ಯಾಕೆ?

ಕಾರ್ನರ್‌ಫ್ಲಾಗ್ (ಪ್ರಶ್ನೆ)

ನಾರ್ವೆ 2026ರ ವಿಶ್ವಕಪ್‌ಗೆ ಅರ್ಹತೆ ಗಿಟ್ಟಿಸಿದಾಗಿನಿಂದ ಎಲ್ಲೆಲ್ಲೂ ಅದರ ಸ್ಟಾರ್ ಆಟಗಾರರಾದ ಹಾಲಂಡ್, ಓಡೆಗಾರ್ಡ್ ಮಾತೇ. ಬೆಂಚಿನ ಬಳಿ ನಿಂತಿರುವ ಕೋಚ್ ಸ್ಟೋಲೆ ಸೋಲ್‌ಬಾಕೆನ್ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸಿಗುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ ಗೊತ್ತಿರುವುದು ಇಷ್ಟು. 1968ರಲ್ಲಿ ಕಾಂಗ್ಸ್‌ವಿಂಗರ್‌ನಲ್ಲಿ ಹುಟ್ಟಿದ್ದು. ಮಿಡ್‌ಫೀಲ್ಡರ್. ಹಾಮ್‌ಕಾಮ್, ಲಿಲ್ಲೆಸ್ಟ್ರೋಮ್, ಸ್ವಲ್ಪ ಕಾಲ ಇಂಗ್ಲೆಂಡಿನ ವಿಂಬಲ್ಡನ್, ಆಮೇಲೆ ಡೆನ್ಮಾರ್ಕಿನ ಆಲ್ಬೋರ್ಗ್, ಕೊನೆಗೆ ಎಫ್‌ಸಿ ಕೋಪನ್‌ಹೇಗನ್. ನಾರ್ವೆ ಪರ 58 ಪಂದ್ಯ, 9 ಗೋಲು. 2001ರ ಮಾರ್ಚ್‌ನಲ್ಲಿ ಅಭ್ಯಾಸದ ನಡುವೆ ಹೃದಯ ನಿಂತು ಕುಸಿದು ಬಿದ್ದರು, ಅಲ್ಲಿಗೆ ಆಟ ಮುಗಿಯಿತು. ಕೋಚ್ ಆಗಿ ಕೋಪನ್‌ಹೇಗನ್‌ಗೆ ಏಳು ಲೀಗ್ ಗೆದ್ದುಕೊಟ್ಟರು, 2006ರಲ್ಲೇ ಚಾಂಪಿಯನ್ಸ್ ಲೀಗ್‌ನ ನಾಕೌಟ್‌ಗೂ ಕರೆದೊಯ್ದರು. ಆದರೆ ಜರ್ಮನಿಯ ಕೊಲೋನ್‌ನಲ್ಲಿ ಒಂದು ಸೀಸನ್ ಪೂರ್ತಿ ಉಳಿಯಲಿಲ್ಲ. ಇಂಗ್ಲೆಂಡಿನ ವುಲ್ವ್ಸ್‌ನಲ್ಲಿ ಆರು ತಿಂಗಳು. ಮರಳಿ ಕೋಪನ್‌ಹೇಗನ್‌ಗೆ ಬಂದರೆ ಮತ್ತೆ ಕಪ್ ಮೇಲೆ ಕಪ್!

ಅದೇ 4-4-2 (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು), ಅದೇ ಜೋನ್ ಡಿಫೆನ್ಸ್, ಅದೇ ಮನುಷ್ಯ. ಹಾಗಿದ್ದರೆ ಎಡವಿದ್ದು ಎಲ್ಲಿ? "ಬುಂಡೆಸ್‌ಲಿಗಾ ಕಠಿಣ, ಡೆನ್ಮಾರ್ಕ್ ಸುಲಭ" ಅನ್ನುವ ಉತ್ತರ ಬೇಡ, ಅಷ್ಟು ನನಗೂ ಗೊತ್ತು. ಮೈದಾನದಲ್ಲಿ ನಿಜವಾಗಿ ಏನು ಮುರಿಯಿತು ಎಂದು ಬಿಡಿಸಿ ಹೇಳುವವರು ಬೇಕು.

ಎರಡನೇಸಾಲು

ಮೊದಲು ಎರಡು ತಿದ್ದುಪಡಿ. ಲೀಗ್ ಏಳಲ್ಲ, ಎಂಟು: 2006, 2007, 2009, 2010, 2011, ಎರಡನೇ ಸಲ ಬಂದಾಗ 2016, 2017, 2019. ಡ್ಯಾನಿಶ್ ಕಪ್ ನಾಲ್ಕು: 2009, 2015, 2016, 2017. ಇನ್ನು 2006ರ ಚಾಂಪಿಯನ್ಸ್ ಲೀಗ್‌ನಲ್ಲಿ ನಾಕೌಟ್ ತಲುಪಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ತವರು ಮೈದಾನ ಪಾರ್ಕೆನ್‌ನಲ್ಲಿ 1-0, ಸೆಲ್ಟಿಕ್ ಅನ್ನು 3-1 ಸೋಲಿಸಿದರೂ 7 ಪಾಯಿಂಟ್‌ಗೆ ಗುಂಪಿನಲ್ಲಿ ನಾಲ್ಕನೇ ಸ್ಥಾನ. ನಾಕೌಟ್ ತಲುಪಿದ್ದು 2010-11ರಲ್ಲಿ, ಡೆನ್ಮಾರ್ಕಿನ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಗೆ ಹೋಗಿರಲಿಲ್ಲ.

ಈಗ ವಿಷಯ. ಜೋನ್ ಡಿಫೆನ್ಸ್ ಎಂದರೆ "ನನ್ನ ಜಾಗ ನಾನು ಕಾಯುತ್ತೇನೆ" ಅಂತ ಬಹಳ ಮಂದಿ ತಿಳಿದಿದ್ದಾರೆ. ಅರ್ಧ ಸರಿ. ಆಟಗಾರನ ಜಾಗಕ್ಕೆ ಗುರುತು ಸಿಗುವುದು ನೆಲದಿಂದಲ್ಲ. ಮೊದಲು ಚೆಂಡು, ಆಮೇಲೆ ಪಕ್ಕದ ಜೊತೆಗಾರ, ಕೊನೆಗೆ ಎದುರಾಳಿ, ನೋಡಬೇಕಾದ್ದು ಈ ಕ್ರಮದಲ್ಲಿ. ಒಬ್ಬೊಬ್ಬ ಎದುರಾಳಿಯ ಬೆನ್ನು ಹತ್ತುವ ಮ್ಯಾನ್ ಮಾರ್ಕಿಂಗ್‌ನಲ್ಲಿ ಇದು ಪೂರ್ತಿ ತಲೆಕೆಳಗು: ಎದುರಾಳಿ ಮೊದಲು, ಜೊತೆಗಾರ ಕೊನೆಗೆ. ಕೊಲೋನ್‌ನಲ್ಲಿ ಆದದ್ದು ಅರ್ಥವಾಗಬೇಕಾದರೆ ಈ ಒಂದು ವ್ಯತ್ಯಾಸ ತಲೆಯಲ್ಲಿರಲಿ.

ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ನಾಲ್ವರ ಎರಡು ಸಾಲು, ಮುಂದೆ ಇಬ್ಬರು. ಹಿಂದಿನ ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಸುಮಾರು 8ರಿಂದ 10 ಮೀಟರ್, ಸಾಲಿನಿಂದ ಸಾಲಿಗೆ 10ರಿಂದ 12. ಹೀಗೆ ನಿಂತರೆ ಇಡೀ ತಂಡ ಉದ್ದಕ್ಕೆ 30-35, ಅಗಲಕ್ಕೆ 35-40 ಮೀಟರ್ ಒಳಗೆ ಅಡಕವಾಗುತ್ತದೆ. ಅಂದರೆ ಅಗಲದಲ್ಲಿ ಹತ್ತಿರ ಹತ್ತಿರ ಅರ್ಧ ಮೈದಾನವನ್ನು ಬೇಕಂತಲೇ ಖಾಲಿ ಬಿಟ್ಟಿದ್ದಾರೆ. ಚೆಂಡು ಎಡಕ್ಕಿದ್ದಾಗ ಬಲ ಅಂಚಿನಲ್ಲಿ ಎದುರಾಳಿ ವಿಂಗರ್ ಒಬ್ಬನೇ ಕೈ ಎತ್ತಿ ನಿಂತಿರುತ್ತಾನೆ. ನಿಲ್ಲಲಿ ಬಿಡಿ! ಅವನಿಗೆ ಚೆಂಡು ಮುಟ್ಟಬೇಕಾದರೆ 40 ಮೀಟರ್ ಗಾಳಿಯಲ್ಲಿ ಹಾರಿ ಬರಬೇಕು. ಅಷ್ಟರಲ್ಲಿ ಇಡೀ ಸಾಲು ಆ ಕಡೆಗೆ ಜರುಗಿರುತ್ತದೆ. ಜರುಗದಿದ್ದರೆ ಮಾತ್ರ ತೊಂದರೆ.

ಎರಡನೇ ನಿಯಮ ಇನ್ನೂ ಮುಖ್ಯ. ಚೆಂಡು ಇಟ್ಟುಕೊಂಡವನ ಮೇಲೆ ಒತ್ತಡ ಇದೆಯೋ ಇಲ್ಲವೋ? ಅವನು ಬೆನ್ನು ತಿರುಗಿಸಿದ್ದರೆ, ತಲೆ ತಗ್ಗಿಸಿದ್ದರೆ, ಹಿಂದಕ್ಕೆ ಪಾಸ್ ಕೊಟ್ಟಿದ್ದರೆ ಹಿಂದಿನ ಸಾಲು ಮೇಲಕ್ಕೆ ಬರಬೇಕು. ತಲೆ ಎತ್ತಿ, ಎದುರು ನೋಡುತ್ತ, ಆರಾಮಾಗಿ ಇದ್ದರೆ ಅದೇ ಸಾಲು ಕೂಡಲೇ ಹಿಂದಕ್ಕೆ. ಈ ತೀರ್ಮಾನವನ್ನು ನಾಲ್ವರೂ ಒಂದೇ ಕ್ಷಣದಲ್ಲಿ ಮಾಡಬೇಕು. ಮೂವರು ಮೇಲೆ ಬಂದು ಒಬ್ಬ ಹಿಂದೆ ಉಳಿದರೆ ಆಫ್‌ಸೈಡ್ ಗೆರೆ (ಪಾಸ್ ಹೊರಡುವಾಗ ಎದುರಾಳಿ ದಾಟಿ ನಿಲ್ಲಬಾರದ ಗೆರೆ) ಅವನ ಹಿಮ್ಮಡಿಯಲ್ಲಿರುತ್ತದೆ, ಮುಂದಿನ ಮೂವರ ಬೆನ್ನ ಹಿಂದೆ 10 ಮೀಟರ್ ಬಯಲು.

ಇದರ ಬೇರು ನಾರ್ವೆಯಲ್ಲೇ ಇದೆ. 1990ರಿಂದ 1998ರವರೆಗೆ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಎಗಿಲ್ ಓಲ್ಸೆನ್, ಅಂದರೆ ಎಲ್ಲರ 'ಡ್ರಿಲ್ಲೊ', ಜೋನ್ ಬಿಟ್ಟು ಬೇರೆ ಆಡಿಸಿದವರೇ ಅಲ್ಲ. ಸೋಲ್‌ಬಾಕೆನ್ 1994ರಿಂದ ಆ ತಂಡದಲ್ಲಿದ್ದರು. ಆದರೆ ಚೆಂಡು ಸಿಕ್ಕ ಮೇಲಿನ ಆಟ ಮಾತ್ರ ಬೇರೆ. ಡ್ರಿಲ್ಲೊ ಎಡದಿಂದ ಬಲಕ್ಕೆ ಉದ್ದಾನುದ್ದ ಒದೆಸಿ, ಬಲ ಅಂಚಿನಲ್ಲಿ ಕಂಬದ ಹಾಗೆ ನಿಂತ ಯೋಸ್ಟೈನ್ ಫ್ಲೊ ತಲೆಗೆ ಕಳಿಸುತ್ತಿದ್ದರು. ಸೋಲ್‌ಬಾಕೆನ್‌ರ ಕೋಪನ್‌ಹೇಗನ್ ಅಂಚುಗಳಲ್ಲಿ ಮೂವರ ಸಣ್ಣ ಸಣ್ಣ ಪಾಸ್‌ಗಳಿಂದ ಕಟ್ಟುತ್ತಿತ್ತು. ಎಡಗಡೆ ಗ್ರಾನ್‌ಕೇರ್ ಒಳಕ್ಕೆ ಸರಿದರೆ ಅವನ ಹೊರಗಿಂದ ಫುಲ್‌ಬ್ಯಾಕ್ (ಹಿಂದಿನ ಸಾಲಿನ ಅಂಚಿನವನು) ಓಸ್ಕರ್ ವೆಂಟ್ ನುಗ್ಗುತ್ತಿದ್ದ. ಬಲಗಡೆಯಿಂದ ಪೊಸ್ಪೆಕ್ ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಿದ್ದ. ಬಾಕ್ಸ್‌ನಲ್ಲಿ ಎನ್‌ಡೋಯ್ ಮತ್ತು ಸಾಂಟಿನ್. ನಡುವೆ ಕ್ವಿಸ್ಟ್, ಕ್ಲೌಡೆಮಿರ್. 2010-11ರ ಸೀಸನ್‌ನಲ್ಲಿ ಎನ್‌ಡೋಯ್ ಒಬ್ಬನದೇ ಲೀಗ್‌ನಲ್ಲಿ 25 ಗೋಲು. ಎರಡನೇ ಸ್ಥಾನದ ಓಡೆನ್ಸೆಗಿಂತ 26 ಪಾಯಿಂಟ್ ಮುಂದೆ ನಿಂತು ಲೀಗ್ ಮುಗಿಸಿದರು.

2010ರ ನವೆಂಬರ್ 2ರಂದು ಪಾರ್ಕೆನ್‌ನಲ್ಲಿ ಬಾರ್ಸಿಲೋನಾ ಜತೆ ಆಡಿದ 1-1 ಪಂದ್ಯ ಸಿಕ್ಕರೆ ನೋಡಿ. 31ನೇ ನಿಮಿಷ ಮೆಸ್ಸಿ, 32ನೇ ನಿಮಿಷ ಕ್ಲೌಡೆಮಿರ್. ಗೋಲುಗಳನ್ನು ಬಿಡಿ, ಬಾರ್ಸಾ ಅಡ್ಡಡ್ಡ ಪಾಸ್ ಮಾಡುವಾಗ ಕ್ವಿಸ್ಟ್ ಮತ್ತು ಕ್ಲೌಡೆಮಿರ್ ಕಾಲುಗಳನ್ನಷ್ಟೇ ಗಮನಿಸಿ. ಆ ಗುಂಪಿನಲ್ಲಿ 10 ಪಾಯಿಂಟ್, ಆರು ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು 5 ಗೋಲು.

ಹಾಫ್‌ಟರ್ನ್

ಎರಡನೇಸಾಲು ಅವರ ಮಾತಿಗೆ ಒಂದು ಸೇರಿಕೆ, ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ: ಕ್ಯಾಲೆಂಡರ್.

ಆಗ ಡ್ಯಾನಿಶ್ ಲೀಗ್‌ನಲ್ಲಿ 12 ತಂಡ, ಒಬ್ಬೊಬ್ಬರ ಮೇಲೆ ಮೂರು ಸಲ, ಒಟ್ಟು 33 ಪಂದ್ಯ. ಡಿಸೆಂಬರ್ ಆರಂಭಕ್ಕೆ ನಿಂತರೆ ಮತ್ತೆ ಶುರುವಾಗುವುದು ಚಳಿಗಾಲದ ತುದಿಗೆ. ಅಂದರೆ ಕೋಚ್ ಕೈಗೆ ವರ್ಷಕ್ಕೆ ಎರಡು ಪೂರ್ವಸಿದ್ಧತೆ ಸಿಗುತ್ತದೆ, ಬೇಸಿಗೆಯದೊಂದು, ಚಳಿಗಾಲದ್ದೊಂದು. ಸಾಲು ಜರುಗಿಸುವ ಅಭ್ಯಾಸ ಆಟಗಾರರಿಗೆ ಬಲು ಬೇಸರದ್ದು. ಪಂದ್ಯದ ವಾರದಲ್ಲಿ ಅದನ್ನು ಹೆಚ್ಚು ಹೊತ್ತು ಮಾಡಿಸಲಾಗದು. ಪಂದ್ಯವಿಲ್ಲದ ವಾರಗಳಲ್ಲೇ ಮೈಗೆ ಹತ್ತಬೇಕು.

ಇದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. 2010ರ ಡಿಸೆಂಬರ್ 7ರಂದು ಪನಾಥಿನೈಕೋಸ್ ಅನ್ನು 3-1 ಸೋಲಿಸಿ ನಾಕೌಟ್ ಗಟ್ಟಿ ಮಾಡಿಕೊಂಡರು. ಚೆಲ್ಸಿ ಎದುರಿನ ಮೊದಲ ಲೆಗ್ (ಎರಡು ಪಂದ್ಯಗಳ ಮುಖಾಮುಖಿಯ ಮೊದಲನೆಯದು) ಇದ್ದದ್ದು ಫೆಬ್ರವರಿ 22ಕ್ಕೆ, ಸರಿಯಾಗಿ ಹನ್ನೊಂದು ವಾರದ ನಂತರ. ಚೆಲ್ಸಿ ಇಂಗ್ಲಿಷ್ ಲೀಗ್‌ನ ನಡುವಿಂದ ಬಂದಿತ್ತು, ಇವರು ತರಬೇತಿ ಶಿಬಿರದಿಂದ. ಆನೆಲ್ಕಾ ಎರಡು ಹೊಡೆದು 2-0. ಮೂರು ವಾರ ಕಳೆದು ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ 0-0. ಎರಡನೇ ಪಂದ್ಯದ ಕೋಪನ್‌ಹೇಗನ್ ಮೊದಲನೆಯದಕ್ಕಿಂತ ಎಷ್ಟೋ ಚುರುಕು.

2006, 2007ರ ಚಳಿಗಾಲದಲ್ಲಿ ಮಾತ್ರ ರಾಯಲ್ ಲೀಗ್ ಎಂಬ ಸ್ಕ್ಯಾಂಡಿನೇವಿಯಾದ ಟೂರ್ನಿ ಇತ್ತು, ಬಿಡುವು ಅಷ್ಟು ದೊಡ್ಡದಿರಲಿಲ್ಲ. 2006ರಲ್ಲಿ ಅದನ್ನೂ ಗೆದ್ದರು, ಫೈನಲ್‌ನಲ್ಲಿ ಸೋತದ್ದು ಸೋಲ್‌ಬಾಕೆನ್‌ರ ಹಳೇ ಕ್ಲಬ್ ಲಿಲ್ಲೆಸ್ಟ್ರೋಮ್!

ರೈನ್‌ತೀರ

ಕೊಲೋನ್ ಭಾಗಕ್ಕೆ ಬರುತ್ತೇನೆ.

2011ರ ಆಗಸ್ಟ್ 6: ತವರಿನಲ್ಲಿ ವುಲ್ಫ್ಸ್‌ಬರ್ಗ್ ಎದುರು 0-3. ಮರುವಾರ ಶಾಲ್ಕೆಯಲ್ಲಿ 1-5. ಎರಡು ಪಂದ್ಯಕ್ಕೆ ಎಂಟು ಗೋಲು. ಸೆಪ್ಟೆಂಬರ್‌ನಲ್ಲಿ ಅದೇ ತಂಡ ಲೆವರ್‌ಕ್ಯೂಸನ್ ಮೈದಾನಕ್ಕೆ ಹೋಗಿ 4-1 ಗೆದ್ದಿತು. ಅಕ್ಟೋಬರ್‌ನಲ್ಲಿ ಡಾರ್ಟ್‌ಮಂಡ್‌ನಲ್ಲಿ 0-5. ಈ ಏರಿಳಿತವೇ ರೋಗದ ಹೆಸರು ಹೇಳುತ್ತದೆ. ಆಟಗಾರರಿಗೆ ಕಾಲು ಬಾರದೆ ಸೋತರೆ ಫಲಿತಾಂಶ ಹೀಗೆ ಜಿಗಿಯುವುದಿಲ್ಲ, ಒಂದೇ ಮಟ್ಟದಲ್ಲಿ ಕೆಟ್ಟದಾಗಿರುತ್ತದೆ. ಇಲ್ಲಿ ಒಂದು ದಿನ ಸರಪಳಿ ಹಿಡಿದಿರುತ್ತಿತ್ತು, ಮತ್ತೊಂದು ದಿನ ಒಂದು ಕೊಂಡಿ ಕಳಚಿ ಎಲ್ಲವೂ ಜಾರುತ್ತಿತ್ತು.

ಕೊಂಡಿ ಕಳಚುತ್ತಿದ್ದದ್ದು ಮುಂದೆ. ಹಿಂದಿನವರನ್ನು ಬೈದವರೇ ಹೆಚ್ಚು, ನನ್ನ ಪ್ರಕಾರ ಅದು ತಪ್ಪು ವಿಳಾಸ. ಸಾಲು ಮೇಲೆ ಬರಬೇಕಾದರೆ ಚೆಂಡಿನ ಮೇಲೆ ಒತ್ತಡ ಇರಬೇಕು ಎಂದು ಮೇಲೆ ಬರೆದಿದ್ದಾರಲ್ಲ, ಆ ಒತ್ತಡ ಹಾಕಬೇಕಾದವರು ಮುಂದಿನ ಇಬ್ಬರು. ಎದುರಾಳಿ ಸೆಂಟರ್‌ಬ್ಯಾಕ್ (ಹಿಂದಿನ ಸಾಲಿನ ನಡುವಿನವನು) ಚೆಂಡನ್ನು ಒಳಕ್ಕೆ ತಿರುಗಿಸದ ಹಾಗೆ ಅಂಚಿಗೆ ಅಟ್ಟಬೇಕು. ಕೊಲೋನ್‌ನಲ್ಲಿ ಆ ಇಬ್ಬರು ಪೊಡೋಲ್ಸ್ಕಿ ಮತ್ತು ನೊವಾಕೊವಿಚ್. ಪೊಡೋಲ್ಸ್ಕಿ ಆ ವರ್ಷ 18 ಗೋಲು ಹೊಡೆದ, ಅವನಿಲ್ಲದಿದ್ದರೆ ತಂಡ ಇನ್ನೂ ಮೊದಲೇ ಮುಳುಗುತ್ತಿತ್ತು. ಆದರೆ ಚೆಂಡು ಕಳೆದುಕೊಂಡ ಮೊದಲ ಮೂರು ಸೆಕೆಂಡಿನಲ್ಲಿ ಎನ್‌ಡೋಯ್ ಮಾಡುತ್ತಿದ್ದ ಕೂಲಿ ಕೆಲಸ ಅವನ ಆಟದಲ್ಲಿಲ್ಲ. ಮುಂದೆ ಒತ್ತಡವಿಲ್ಲ, ಹಿಂದೆ ಸಾಲು ಕಲಿತ ಪಾಠದ ಪ್ರಕಾರ ಮೇಲೆ ಬಂದಿದೆ. ಎದುರಾಳಿಗೆ ಬೇಕಾದದ್ದು ಒಂದೇ, ಸಾಲಿನ ಮೇಲಿಂದ ಒಂದು ಚೆಂಡು.

ಇದರ ಮೇಲೆ ಹಳೇ ಅಭ್ಯಾಸ. ಎದುರಾಳಿಯ ಬೆನ್ನು ಹತ್ತಿ ಬೆಳೆದ ಡಿಫೆಂಡರ್‌ಗೆ "ಅವನನ್ನು ಬಿಡು, ಸಾಲು ನೋಡು" ಎಂದು ಹೇಳಿದರೆ ಆರಾಮಾದ ಪಂದ್ಯದಲ್ಲಿ ಕೇಳುತ್ತಾನೆ. 0-1 ಆದ ತಕ್ಷಣ ಮೈ ಹಳೆಯದಕ್ಕೇ ಹೊರಳುತ್ತದೆ. ಸ್ಟ್ರೈಕರ್ ಹಿಂದಕ್ಕೆ ಇಳಿದರೆ ಸೆಂಟರ್‌ಬ್ಯಾಕ್ ಅವನ ಹಿಂದೆಯೇ ಹೋಗಿಬಿಡುತ್ತಾನೆ, ಅವನು ಬಿಟ್ಟ ಜಾಗಕ್ಕೆ ವಿಂಗರ್ ನುಗ್ಗುತ್ತಾನೆ. ನಾಲ್ವರಲ್ಲಿ ಇಬ್ಬರು ಜೋನ್, ಇಬ್ಬರು ಮ್ಯಾನ್ ಮಾರ್ಕಿಂಗ್ ಆಡಿದರೆ ಅದು ಎರಡಕ್ಕಿಂತಲೂ ಕೆಟ್ಟದ್ದು. ಮಾರ್ಚ್‌ನಲ್ಲಿ ತವರಿನಲ್ಲೇ ಡಾರ್ಟ್‌ಮಂಡ್ ಎದುರು 1-6 ಆಯಿತು.

ಕ್ಲಬ್ಬಿನ ಒಳಗಿನ ಗಲಾಟೆ ಬೇರೆ. ಸೀಸನ್ ಶುರುವಾಗುವ ಮುಂಚೆ ಪೊಡೋಲ್ಸ್ಕಿಯಿಂದ ನಾಯಕತ್ವ ತೆಗೆದು ಗೆರೊಮೆಲ್‌ಗೆ ಕೊಟ್ಟರು. ಆಟದ ದೃಷ್ಟಿಯಿಂದ ಅರ್ಥವಾಗುವ ನಿರ್ಧಾರ, ಸಾಲನ್ನು ಕೂಗಿ ನಡೆಸುವವನು ಹಿಂದೆ ಇರಬೇಕು. ಆದರೆ ಆ ಊರಿಗೆ ಪೊಡೋಲ್ಸ್ಕಿ ಮನೆಮಗ. ಮೊದಲ ಚೆಂಡು ಒದೆಯುವ ಮುನ್ನವೇ ಅರ್ಧ ಊರು ಎದುರು ನಿಂತಿತು. ನವೆಂಬರ್‌ನಲ್ಲಿ ಅಧ್ಯಕ್ಷ ಓವರಾಥ್ ರಾಜೀನಾಮೆ, ಮಾರ್ಚ್‌ನಲ್ಲಿ ಕ್ರೀಡಾ ನಿರ್ದೇಶಕ ಫಿಂಕೆ ಹೊರಕ್ಕೆ. ಏಪ್ರಿಲ್‌ನಲ್ಲಿ ಮೈಂಜ್‌ನಲ್ಲಿ 0-4 ಸೋತ ಎರಡೇ ದಿನಕ್ಕೆ ಸೋಲ್‌ಬಾಕೆನ್ ಸರದಿ. ತಂಡ 17ನೇ ಸ್ಥಾನಕ್ಕೆ ಇಳಿದು ಕೆಳ ದರ್ಜೆಗೆ ಹೋಯಿತು, 34 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು 75 ಗೋಲು.

ಕಾರ್ನರ್‌ಫ್ಲಾಗ್

ಏಳು-ಎಂಟರ ತಪ್ಪಿಗೆ ಕ್ಷಮಿಸಿ, ಪುಣ್ಯಕ್ಕೆ ಹೆಚ್ಚು ಗೆದ್ದವರಿಗೇ ಕಡಿಮೆ ಹೇಳಿದ್ದೆ. ರೈನ್‌ತೀರ ಸರ್, ಮುಂದಿನ ಇಬ್ಬರ ವಿಷಯ ಹೊಳೆದೇ ಇರಲಿಲ್ಲ.

ಒಂದು ಉಪಪ್ರಶ್ನೆ. ಸಾಲು ಜರುಗಿಸುವುದನ್ನು ಕಲಿಸುವುದು ಹೇಗೆ? "ಮೈಗೆ ಹತ್ತಬೇಕು" ಅಂದರೆ ದಿನಾ ಏನು ಮಾಡಿಸುತ್ತಾರೆ? ಹದಿನಾರು ವರ್ಷದ ಹುಡುಗರ ತಂಡಕ್ಕೂ ಆಗುವಂತಿದ್ದರೆ ಇನ್ನೂ ಒಳ್ಳೆಯದು.

ಕೋನ್‌ಬಿಬ್

ಆಗುತ್ತದೆ. ಇದು ಸೋಲ್‌ಬಾಕೆನ್‌ರ ಸ್ವಂತ ನೋಟ್‌ಬುಕ್ ಅಲ್ಲ, ಜೋನ್ ಕಲಿಸುವವರು ಎಲ್ಲೆಲ್ಲೂ ಬಳಸುವ ಕ್ರಮ.

ಮೊದಲು ಬರೇ ನಾಲ್ವರು ಡಿಫೆಂಡರ್‌ಗಳು. ಅವರ ಮುಂದೆ 20 ಮೀಟರ್ ದೂರದಲ್ಲಿ, ಮೈದಾನದ ಪೂರ್ತಿ ಅಗಲಕ್ಕೆ ನಾಲ್ವರನ್ನು ನಿಲ್ಲಿಸಿ. ಆ ನಾಲ್ವರು ನಿಂತಲ್ಲೇ ಚೆಂಡನ್ನು ಅಡ್ಡಕ್ಕೆ ಸಾಗಿಸುತ್ತಾರೆ, ದಾಳಿ ಇಲ್ಲ. ಚೆಂಡು ಯಾರ ಎದುರಿಗಿದೆಯೋ ಆ ಡಿಫೆಂಡರ್ 4-5 ಮೀಟರ್ ಮುಂದೆ ಬರುತ್ತಾನೆ, ಉಳಿದ ಮೂವರು ಅವನ ಹಿಂದೆ ಓರೆಯಾಗಿ ಒಳಕ್ಕೆ ಕೂಡಿಕೊಳ್ಳುತ್ತಾರೆ. ಪಾಸ್ ಹೊರಟ ಕ್ಷಣಕ್ಕೇ ಕಾಲು ಹೊರಡಬೇಕು, ಚೆಂಡು ತಲುಪಿದ ಮೇಲಲ್ಲ. ಹೊಸಬರ ತಪ್ಪು ಯಾವಾಗಲೂ ಇಲ್ಲೇ: ಚೆಂಡು ನಿಲ್ಲುವುದನ್ನು ನೋಡಿ ಓಡುತ್ತಾರೆ, ಒಂದು ಸೆಕೆಂಡು ತಡ. ಒಂದು ಸುತ್ತಿಗೆ 6ರಿಂದ 8 ನಿಮಿಷ ಸಾಕು, ಅದಕ್ಕಿಂತ ಹೆಚ್ಚಾದರೆ ಗಮನ ಹೋಗುತ್ತದೆ. ಅಂತರ ಉಳಿಯದಿದ್ದರೆ ಸೊಂಟದಿಂದ ಸೊಂಟಕ್ಕೆ 8 ಮೀಟರ್ ಹಗ್ಗ ಕಟ್ಟಿಸಿ, ನಡಿಗೆಯಲ್ಲೇ ಮಾಡಿಸಿ. ಓಡಿಸಬೇಡಿ, ಬಿದ್ದು ಗಾಯವಾಗುತ್ತದೆ.

ಆಮೇಲೆ ಮುಂದಿನ ನಾಲ್ವರ ಸಾಲು ಸೇರಿಸಿ. ಈಗ ಚೆಂಡು ಕೋಚ್ ಕೈಯಲ್ಲಿ. ಕೋಚ್ ಚೆಂಡನ್ನು ತಲೆಯ ಮೇಲೆ ಎತ್ತಿದರೆ ಎಂಟೂ ಮಂದಿ ಐದು ಹೆಜ್ಜೆ ಹಿಂದಕ್ಕೆ. ಬೆನ್ನು ತಿರುಗಿಸಿದರೆ ಐದು ಹೆಜ್ಜೆ ಮುಂದಕ್ಕೆ. ಮಕ್ಕಳಾಟದ ಹಾಗೆ ಕಾಣುತ್ತದೆ, ಆದರೆ ಎರಡನೇಸಾಲು ಹೇಳಿದ ಒತ್ತಡದ ನಿಯಮ ಕಣ್ಣಿಗೆ ಕೂರುವುದು ಹೀಗೇ. ಹಿಂದೆ ಸರಿಯುವಾಗ ಎದೆ ಚೆಂಡಿನ ಕಡೆ, ಮೈ ಸ್ವಲ್ಪ ಓರೆ. ಹಿಮ್ಮುಖವಾಗಿ ನೆಟ್ಟಗೆ ಓಡುವವನನ್ನು ಯಾವ ಸ್ಟ್ರೈಕರ್ ಬೇಕಾದರೂ ದಾಟುತ್ತಾನೆ.

ಮೂರನೆಯದು ನಿಜವಾದ ಆಟ, ಅರ್ಧ ಮೈದಾನದಲ್ಲಿ. ಒಂದು ಕಡೆ ಗೋಲ್‌ಕೀಪರ್ ಮತ್ತು ಎಂಟು ಮಂದಿ, ಇನ್ನೊಂದು ಕಡೆ ದಾಳಿಗೆ ಎಂಟು. 6 ನಿಮಿಷದ ನಾಲ್ಕು ಸುತ್ತು, ನಡುವೆ 2 ನಿಮಿಷ ಬಿಡುವು. ಸಾಲು ಒಡೆದ ಕೂಡಲೇ ಸೀಟಿ, ಎಲ್ಲರೂ ಕಲ್ಲಿನ ಹಾಗೆ ನಿಲ್ಲಬೇಕು. ಆಗ ಯಾರು ಎಲ್ಲಿದ್ದಾರೆ ಎಂದು ಅವರಿಗೇ ಕಾಣುತ್ತದೆ. ಆದರೆ ಪ್ರತಿ ತಪ್ಪಿಗೂ ಸೀಟಿ ಊದಿದರೆ ಆಟ ಸಾಯುತ್ತದೆ, ಸುತ್ತಿಗೆ ಮೂರು ಸಲ ಮಿತಿ ಇಟ್ಟುಕೊಳ್ಳಿ.

ಕೊನೆಗೆ ಉಳಿಯುವುದು ದೂರದ ಕಂಬ, ಅಂದರೆ ಚೆಂಡು ಬರುವ ಕಡೆಗೆ ಎದುರಿನ ಗೋಲ್ ಕಂಬ, ಹುಡುಗರ ತಂಡಗಳು ಹೆಚ್ಚು ಗೋಲು ತಿನ್ನುವುದು ಇಲ್ಲಿ. ಎಡದಿಂದ ಕ್ರಾಸ್ ಬರುವಾಗ ಬಲ ಫುಲ್‌ಬ್ಯಾಕ್ ಒಳಗೆ ಕೂಡಿಕೊಂಡು ಗೋಲಿನ ಮುಂದೆ ಇರುತ್ತಾನೆ. ಅವನ ಹೊರಗಿಂದ ನುಗ್ಗುವ ಎದುರಾಳಿ ಯಾರ ಪಾಲು? ಬಲ ವಿಂಗರ್‌ನ ಪಾಲು. ಅವನು ಹಿಂದಕ್ಕೆ ಓಡಿಬರಲೇಬೇಕು. ವಿಂಗರ್‌ಗೆ ಇಷ್ಟವಿಲ್ಲದ ಕೆಲಸ ಇದು. ಹತ್ತು ಸಲದಲ್ಲಿ ಒಂಬತ್ತು ಸಲ ಚೆಂಡು ಅವನ ತನಕ ಬರುವುದೇ ಇಲ್ಲ, ಹತ್ತನೆಯದು ಗೋಲು.

ವಾರಕ್ಕೆ ಎರಡು ದಿನ, ದಿನಕ್ಕೆ 25 ನಿಮಿಷ. ಆರೇಳು ವಾರದ ಮುಂಚೆ ಫಲ ನಿರೀಕ್ಷಿಸಬೇಡಿ. ನಡುವೆ ಒಬ್ಬ ಸೆಂಟರ್‌ಬ್ಯಾಕ್ ಬದಲಾದರೆ ಮೊದಲ ಹಂತಕ್ಕೆ ವಾಪಸ್.

ಹಾಫ್‌ಟರ್ನ್

ಕೋನ್‌ಬಿಬ್ ಅವರ ಆ ಕೊನೇ ಸಾಲೇ ವುಲ್ವ್ಸ್ ಕಥೆ. 2012ರ ಜುಲೈನಲ್ಲಿ ಸೋಲ್‌ಬಾಕೆನ್ ಬಂದಾಗ ತಂಡ ಪ್ರೀಮಿಯರ್ ಲೀಗ್‌ನಿಂದ ಆಗಷ್ಟೇ ಇಳಿದಿತ್ತು. ಆಗಸ್ಟ್‌ನಲ್ಲಿ ಸ್ಟೀವನ್ ಫ್ಲೆಚರ್ ಸಂಡರ್‌ಲ್ಯಾಂಡ್‌ಗೆ, ಮ್ಯಾಟ್ ಜಾರ್ವಿಸ್ ವೆಸ್ಟ್ ಹ್ಯಾಮ್‌ಗೆ ಮಾರಾಟ. ಮುಖ್ಯ ಸ್ಟ್ರೈಕರ್ ಮತ್ತು ಮುಖ್ಯ ವಿಂಗರ್ ಇಬ್ಬರೂ ಸೀಸನ್ ಶುರುವಾದ ಮೇಲೆ ಹೋದರು. ಬಂದವರು ಸಾಕೊ, ಬೂಕಾರಿ, ಡೂಂಬಿಯಾ, ಮಾರ್ಗ್ರೈಟರ್. ಫ್ರಾನ್ಸ್‌ನಿಂದ, ಆಸ್ಟ್ರಿಯಾದಿಂದ, ಬೇರೆ ಬೇರೆ ಪಾಠ ಕಲಿತವರು. ಸಾಕೊ ಒಬ್ಬ ಚಿನ್ನದಂಥ ಖರೀದಿ, ಅದನ್ನು ಒಪ್ಪಲೇಬೇಕು. ಉಳಿದವರು ಬೇರೂರಲಿಲ್ಲ.

ಮತ್ತೆ ಕ್ಯಾಲೆಂಡರ್: ಇಂಗ್ಲೆಂಡಿನ ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ನಲ್ಲಿ 46 ಲೀಗ್ ಪಂದ್ಯ, ಚಳಿಗಾಲದ ಬಿಡುವೇ ಇಲ್ಲ. ಶನಿವಾರ ಆಟ, ಮಂಗಳವಾರ ಆಟ. ಭಾನುವಾರ ದಣಿವಾರಿಸಿಕೊಳ್ಳಬೇಕು, ಸೋಮವಾರ ಮತ್ತೆ ಪ್ರಯಾಣ ಅಥವಾ ಹಗುರ ಅಭ್ಯಾಸ. 25 ನಿಮಿಷ ಸಾಲು ಜರುಗಿಸಲು ದಿನ ಎಲ್ಲಿ? ಶುರುವಿನಲ್ಲಿ ಪಟ್ಟಿಯ ಮೇಲಿನ ಭಾಗದಲ್ಲಿದ್ದ ತಂಡ ಶರತ್ಕಾಲ ಕಳೆಯುತ್ತಿದ್ದಂತೆ ಜಾರಿತು. 2013ರ ಜನವರಿ 5, ಎಫ್‌ಎ ಕಪ್‌ನಲ್ಲಿ ಐದನೇ ದರ್ಜೆಯ ಲೂಟನ್ ಎದುರು 0-1. ಅದೇ ದಿನ ಕೆಲಸ ಹೋಯಿತು. ಅವರ ನಂತರ ಬಂದವರಿಗೂ ಆ ತಂಡವನ್ನು ಉಳಿಸಲಾಗಲಿಲ್ಲ, ಮೂರನೇ ದರ್ಜೆಗೆ ಇಳಿಯಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ಗೆ ವಾಪಸಾದಾಗಲೂ ತಕ್ಷಣ ಗೆಲ್ಲಲಿಲ್ಲ ಎಂಬುದನ್ನು ಗಮನಿಸಿ. ಮೊದಲ ಕಪ್ 2015ರಲ್ಲಿ, ಮೊದಲ ಲೀಗ್ 2016ರಲ್ಲಿ. ಸುಮಾರು ಮೂರು ವರ್ಷ ಕಾದರು. ಕೊಲೋನ್ ಕೊಟ್ಟದ್ದು ಹತ್ತು ತಿಂಗಳು, ವುಲ್ವ್ಸ್ ಆರು. ಆ ಕಾಯುವಿಕೆಯ ಫಲ 2016-17ರ ಚಾಂಪಿಯನ್ಸ್ ಲೀಗ್: ಲೆಸ್ಟರ್, ಪೋರ್ಟೊ, ಬ್ರೂಜ್ ಇದ್ದ ಗುಂಪಿನಲ್ಲಿ ಆರು ಪಂದ್ಯಕ್ಕೆ ಬಿಟ್ಟುಕೊಟ್ಟದ್ದು ಬರೀ 2 ಗೋಲು. ಒಂದೊಂದು ಪೋರ್ಟೊ, ಲೆಸ್ಟರ್ ಮೈದಾನದಲ್ಲಿ. ಪಾರ್ಕೆನ್‌ನಲ್ಲಿ ಒಂದೂ ಇಲ್ಲ. ಇಷ್ಟಾದರೂ 9 ಪಾಯಿಂಟ್‌ಗೆ ಮೂರನೇ ಸ್ಥಾನ. ಈ ಪದ್ಧತಿಯ ಇನ್ನೊಂದು ಮುಖ ಅದು, ಗೋಲು ತಿನ್ನುವುದಿಲ್ಲ, ಆದರೆ ಮುಚ್ಚಿ ನಿಂತ ತಂಡವನ್ನು ಒಡೆಯುವುದೂ ಕಷ್ಟ. ಎರಡು 0-0 ಆಡಿದರು, ಲೆಸ್ಟರ್ ಎದುರಿನದನ್ನು ಗೆದ್ದಿದ್ದರೆ ಪೋರ್ಟೊ ಜತೆ ಸಮವಾಗುತ್ತಿದ್ದರು, ಪೋರ್ಟೊ ಎದುರಿನದನ್ನು ಗೆದ್ದಿದ್ದರೆ ಅವರನ್ನು ದಾಟುತ್ತಿದ್ದರು.

ಬೂಟ್‌ಲೇಸ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಆಟ ಬಿಟ್ಟವನು ನೇರವಾಗಿ ಕ್ಲಬ್ ಕೋಚ್ ಆಗಬಹುದೇ? ಸೋಲ್‌ಬಾಕೆನ್ ಆಟ ನಿಂತ ಎರಡನೇ ವರ್ಷಕ್ಕೇ ಹಾಮ್‌ಕಾಮ್ ಕೋಚ್ ಆಗಿದ್ದರಲ್ಲ?

ಕೋನ್‌ಬಿಬ್

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎಯ ಪರವಾನಗಿ ಏಣಿ ಹತ್ತಲೇಬೇಕು. ಈಗಿನ ನಿಯಮದಂತೆ ಸಿ ಪರವಾನಗಿಗೆ ಕನಿಷ್ಠ 60 ಗಂಟೆ, ಬಿಗೆ 120, ಎಗೆ 180, ಪ್ರೊಗೆ 360. ನಾರ್ವೆಯ ಅತ್ಯುನ್ನತ ಲೀಗ್‌ನಲ್ಲಿ ಮುಖ್ಯ ಕೋಚ್ ಆಗಲು ಪ್ರೊ ಬೇಕು. ದೊಡ್ಡ ಆಟಗಾರರಿಗೆ ಕೆಳಗಿನ ಮೆಟ್ಟಿಲುಗಳಲ್ಲಿ ರಿಯಾಯಿತಿ ಸಿಗುವುದುಂಟು, ಮೇಲಿನದರಲ್ಲಿ ಇಲ್ಲ.

ಹಾಮ್‌ಕಾಮ್ ಆಗ ಎರಡನೇ ದರ್ಜೆಯಲ್ಲಿತ್ತು. 2003ರಲ್ಲಿ ಮೇಲಕ್ಕೆ ಹತ್ತಿಸಿದರು, 2004ರಲ್ಲಿ ಮೇಲಿನ ಲೀಗ್‌ನಲ್ಲೇ ಐದನೇ ಸ್ಥಾನ. ಕೋಪನ್‌ಹೇಗನ್ ಕಣ್ಣು ಬಿದ್ದದ್ದು ಅದರಿಂದ. ಹೋಲಿಕೆಗೆ ನಾರ್ವೆಯವರೇ ಆದ, ಮ್ಯಾಂಚೆಸ್ಟರ್ ಯುನೈಟೆಡ್‌ನ ಹಳೇ ಸ್ಟ್ರೈಕರ್ ಸೋಲ್ಶಾರ್ ನೋಡಿ: 2007ರಲ್ಲಿ ಆಟ ಬಿಟ್ಟರು, 2008ರಿಂದ ಯುನೈಟೆಡ್‌ನ ರಿಸರ್ವ್ ತಂಡ, 2011ರಲ್ಲಿ ನಾರ್ವೆಯ ಮೋಲ್ಡೆ. ಮೊದಲ ಲೀಗ್ ಪಂದ್ಯದಲ್ಲೇ ಆಗಷ್ಟೇ ಮೇಲೆ ಬಂದ ಸಾರ್ಪ್ಸ್‌ಬೋರ್ಗ್ ಎದುರು 0-3 ಸೋತು, ಅದೇ ವರ್ಷ ಕ್ಲಬ್ಬಿಗೆ ಅದರ ಮೊಟ್ಟಮೊದಲ ಲೀಗ್ ಗೆದ್ದುಕೊಟ್ಟರು.

ರೈನ್‌ತೀರ

ಸೋಲ್ಶಾರ್ ಹೆಸರು ಬಂತಲ್ಲ, ಇವರಿಬ್ಬರೂ ಎದುರುಬದುರಾದ ಪಂದ್ಯವೊಂದಿದೆ, ಕಾರ್ನರ್‌ಫ್ಲಾಗ್ ಅವರು ಅದನ್ನು ನೋಡಿದರೆ ಮೇಲೆ ಬರೆದದ್ದೆಲ್ಲ ಕಣ್ಣೆದುರು ಸಿಗುತ್ತದೆ. 2020ರ ಆಗಸ್ಟ್ 10, ಯುರೋಪಾ ಲೀಗ್ ಕ್ವಾರ್ಟರ್‌ಫೈನಲ್, ಸೋಲ್‌ಬಾಕೆನ್‌ರ ಕೋಪನ್‌ಹೇಗನ್ ಎದುರು ಆಗ ಸೋಲ್ಶಾರ್ ಕೋಚ್ ಆಗಿದ್ದ ಮ್ಯಾಂಚೆಸ್ಟರ್ ಯುನೈಟೆಡ್. ಕೋವಿಡ್ ಕಾರಣ ಒಂದೇ ಲೆಗ್, ಖಾಲಿ ಗ್ಯಾಲರಿ. ಮೈದಾನ ಯಾವುದು ಗೊತ್ತೇ? ಕೊಲೋನ್‌ನದೇ.

90 ನಿಮಿಷ 0-0. ಮೊದಲರ್ಧ ನಾಲ್ವರ ಎರಡು ಸಾಲು ಪುಸ್ತಕದಲ್ಲಿ ಬರೆದ ಹಾಗೆ ಜರುಗುತ್ತವೆ. ಎರಡನೇ ಅರ್ಧ ಸಾಗಿದಂತೆ ಮುಂದಿನವರ ಕಾಲು ಸೋಲುತ್ತದೆ, ಚೆಂಡಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಹಿಂದಿನ ಸಾಲು ಹೆಜ್ಜೆ ಹೆಜ್ಜೆಯಾಗಿ ಗೋಲಿನ ಕಡೆ ಕುಸಿಯುತ್ತದೆ. ಅಲ್ಲಿಂದಾಚೆ ತಂಡವನ್ನು ಎತ್ತಿ ಹಿಡಿದದ್ದು ಗೋಲ್‌ಕೀಪರ್ ಕಾರ್ಲ್-ಯೋಹಾನ್ ಯೋನ್ಸನ್, ಒಟ್ಟು 13 ಸೇವ್. ಹೆಚ್ಚುವರಿ ಸಮಯದ 95ನೇ ನಿಮಿಷಕ್ಕೆ ಮಾರ್ಷಿಯಲ್ ಬಾಕ್ಸ್ ಒಳಗೆ ತಿರುಗಿದಾಗ ಬ್ಯೆಲ್ಲಾಂಡ್ ಅರ್ಧ ಹೆಜ್ಜೆ ತಡ. ಪೆನಾಲ್ಟಿ, ಬ್ರೂನೊ ಫರ್ನಾಂಡಿಸ್, 1-0.

ಪೂರ್ತಿ ನೋಡಲು ಸಮಯವಿಲ್ಲದಿದ್ದರೆ 10ರಿಂದ 20ನೇ ನಿಮಿಷ ಒಮ್ಮೆ, 80ರಿಂದ 90 ಒಮ್ಮೆ ಹಾಕಿ. ಯುನೈಟೆಡ್ ಸೆಂಟರ್‌ಬ್ಯಾಕ್ ಚೆಂಡು ಹಿಡಿದಾಗಲೆಲ್ಲ ಪರದೆ ನಿಲ್ಲಿಸಿ, ಕೋಪನ್‌ಹೇಗನ್‌ನ ಮುಂದಿನ ಇಬ್ಬರು ಅವನಿಂದ ಎಷ್ಟು ಮೀಟರ್ ದೂರದಲ್ಲಿದ್ದಾರೆ ಎಂದು ಅಳೆಯಿರಿ.